ಗುಡಿಸದ ಮನೆ

ಕೊನೆಯ ಸಾಮಾನ್ಯ ದಿನ ನಾನು ಪಡಸಾಲೆ ಗುಡಿಸುತ್ತಿದ್ದೆ. ಆಷಾಢದ ಗಾಳಿ ಎದ್ದಿತ್ತು. ಗುಂಡ್ಲುಪೇಟೆಯ ನಮ್ಮ ಬೀದಿಗೆ ಆಗ ಡಾಂಬರು ಬಿದ್ದಿರಲಿಲ್ಲ. ಬೆಳಿಗ್ಗೆ ಗುಡಿಸಿದ ನೆಲದ ಮೇಲೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಧೂಳು ಕೂತಿರುತ್ತಿತ್ತು. ಅವ್ವ ಅಡುಗೆಮನೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಮೂಲೆ ಬುಟ್ಬುಟ್ಟೆ ಕಣಮ್ಮಿ. ಅಲ್ಲೂ ಇಂಗೇ ಗುಡುಸುದ್ರೆ ಆ ಮನೆಯೋರು ಏನನ್ಕತ್ತಾರೆ?"

"ಅಲ್ಲಿ ಗುಡ್ಸಕ್ಕೆ ಮಿಷನ್ ಅದಂತೆ ಅವ್ವ."

"ಮಿಷನ್ಗೆ ಮೂಲೆ ಕಾಣ್ತದಾ?"

ನಾನು ಹಿಂದಕ್ಕೆ ಹೋಗಿ ಮೂಲೆ ಗುಡಿಸಿದೆ. ಮಾರನೆಯ ದಿನ ಅಪ್ಪ ವಿಮಾನದ ಟಿಕೆಟ್ ತಂದರು. ಅಲ್ಲಿಂದ ಮುಂದೆ ನನಗೆ ಯಾರೂ ಕೆಲಸ ಹೇಳಲಿಲ್ಲ.

ಅವ್ವ ತೀರಿಕೊಂಡು ವರ್ಷವಾಗುತ್ತಾ ಬಂತು. ಅವಳನ್ನು ನೆನೆಯಲು ಕೂತರೆ ದೊಡ್ಡ ಸಂಗತಿಗಳು ಬರುವುದಿಲ್ಲ, ಈ ಮೂಲೆಯ ಮಾತು ಬರುತ್ತದೆ.

ಅದು ತೊಂಬತ್ತರ ದಶಕ. ನಾನು ಚಾಮರಾಜನಗರದಲ್ಲಿ ಪಿಯುಸಿ ಓದುತ್ತಿದ್ದೆ. ಅಪ್ಪ ಅಲ್ಲಿಯೇ ಒಂದು ಕಚೇರಿಯಲ್ಲಿ ಗುಮಾಸ್ತರು. ಇಬ್ಬರೂ ಬೆಳಗಿನ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ಅಲ್ಲಿನ ಒಂದು ಸಂಘದವರು ಆಗಾಗ ಒಬ್ಬ ವಿದ್ಯಾರ್ಥಿಯನ್ನು ಹೊರದೇಶದ ಶಾಲೆಗೆ ಕಳಿಸುತ್ತಿದ್ದರು. ಒಂದು ವರ್ಷ ಅಲ್ಲಿ ಯಾರದೋ ಮನೆಯಲ್ಲಿದ್ದು ಓದಿ ಬರುವುದು. ಆ ಸಲ ನನ್ನನ್ನು ಆರಿಸಿದ್ದರು. ದೇಶ ಡೆನ್ಮಾರ್ಕ್. ಅಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದು ಆಗಸ್ಟಿನಲ್ಲಿ. ನಮ್ಮಲ್ಲಿ ಕಾಲೇಜು ಆಗಲೇ ಶುರುವಾಗಿತ್ತು. ಗೆಳತಿಯರು ಬಸ್ಸಿಗೆ ಓಡುವುದನ್ನು ಕಿಟಕಿಯಿಂದ ನೋಡುತ್ತ ನಾನೊಬ್ಬಳು ಇನ್ನೊಂದು ದೇಶದ ಬೇಸಿಗೆ ರಜೆ ಕಳೆಯುತ್ತಿದ್ದೆ.

ನನ್ನನ್ನು ಕಳಿಸಿಕೊಡಲು ಅವ್ವನ ತಂಗಿ, ಚಿಕ್ಕವ್ವ, ಕುದೇರಿನಿಂದ ಬಂದಳು. ಚೀಲ ಇಳಿಸುವ ಮೊದಲೇ ಶುರು ಮಾಡಿದಳು.

"ಆಸಾಡ್ದಲ್ಲಿ ಮದ್ವೆಯಾದ ಎಣ್ಮಕ್ಳನ್ನೇ ತವರಿಗೆ ಕರ್ಕಂಡ್ ಬತ್ತಾರೆ. ನೀನು ಮನೇಲಿರೋಳ್ನ ಆಚಿಕ್ ಕಳುಸ್ತಿದ್ದೀಯಲ್ಲಕ್ಕಾ!"

"ಆ ಇಸ್ಕೂಲ್ನೋರ್ಗೆ ಆಸಾಡ ಗೊತ್ತಿಲ್ವಂತೆ. ನೀನೇ ಓಗಿ ಯೋಳ್ಬುಟ್ಟು ಬಾ," ಎಂದಳು ಅವ್ವ.

ಚಿಕ್ಕವ್ವ ನಕ್ಕಳು. ಅವ್ವ ನಗಲಿಲ್ಲ. ಅವಳಿಗಿದ್ದ ಚಿಂತೆ ಆಷಾಢದ್ದಲ್ಲ. ಆ ವಾರವೆಲ್ಲ, ಹುರಿಗಾಳು ಹುರಿಯುವಾಗ, ನನ್ನ ಸ್ವೆಟರಿನ ಗುಂಡಿ ಹೊಲಿಯುವಾಗ, ಅವಳು ಅಪ್ಪನನ್ನು ಕೇಳುತ್ತಿದ್ದುದು ಒಂದೇ.

"ಇವ್ಳು ತಲುಪುದ್ದು ನಮ್ಗೆ ಎಂಗ್ ಗೊತ್ತಾಯ್ತದೆ?"

"ಬೀದಿ ಕೊನೆ ಅಂಗಡಿಗೆ ಫೋನ್ ಮಾಡ್ತಾಳೆ ಕಣೆ."

"ಮಾಡ್ನಿಲ್ಲ ಅಂದ್ರೆ?"

"ಮಾಡ್ತಾಳೆ."

ಅಪ್ಪ ಎಷ್ಟು ಸಲ ಹೇಳಿದರೂ ಮಾರನೆಯ ದಿನ ಅದೇ ಪ್ರಶ್ನೆ. ನನಗೆ ಬೇಸರವಾಗುತ್ತಿತ್ತು. ಪೆಟ್ಟಿಗೆಯನ್ನು ತೆಗೆದು ಮತ್ತೆ ಜೋಡಿಸುತ್ತ ಕೂರುತ್ತಿದ್ದೆ. ಹೊರಡುವ ದಿನ ಅಪ್ಪ ಬೆಂಗಳೂರಿನವರೆಗೆ ಜೊತೆಗೆ ಬಂದರು. ಅವ್ವ ಬಸ್ ನಿಲ್ದಾಣಕ್ಕೂ ಬರಲಿಲ್ಲ, ಹೊಸ್ತಿಲ ಒಳಗೇ ನಿಂತಿದ್ದಳು. ನಾನು ತಿರುಗಿ ನೋಡಿದಾಗ ಕಣ್ಣಿಗೆ ಬಿದ್ದ ಧೂಳನ್ನು ಸೆರಗಿನಿಂದ ತೆಗೆಯುತ್ತಿದ್ದಳು. ಗಾಳಿ ಜೋರಾಗಿಯೇ ಇತ್ತು.

ಮುಂದಿನದು ಚಿಕ್ಕವ್ವ ಹೇಳಿದ್ದು.

ನಮ್ಮಲ್ಲಿ ಮನೆಯವರು ಊರಿಗೆ ಹೊರಟರೆ, ಅವರು ತಲುಪುವವರೆಗೆ ಕಸ ಗುಡಿಸುವುದಿಲ್ಲ. ಗುಡಿಸಿದರೆ ಹೋದವರನ್ನೂ ಆಚೆ ನೂಕಿದ ಹಾಗೆ. ಚಂದಕವಾಡಿಗೋ ಕುದೇರಿಗೋ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಾರೆ, ಆಮೇಲೆ ಪೊರಕೆ ಹಿಡಿದರಾಯಿತು. ಡೆನ್ಮಾರ್ಕಿಗೆ ಹೊರಟವಳ ವಿಷಯದಲ್ಲಿ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಮಧ್ಯಾಹ್ನ ಚಿಕ್ಕವ್ವ ರೂಢಿಯಂತೆ ಪೊರಕೆ ತೆಗೆದುಕೊಂಡಳು. ಅವ್ವ ಅದನ್ನು ಕಿತ್ತು ಹಿತ್ತಲ ಬಾಗಿಲ ಹಿಂದೆ ಇಟ್ಟಳು.

ಮರುದಿನ ನಾನು ದಾರಿಯಲ್ಲಿ ಡೆಲ್ಲಿಯಿಂದ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವನು ಬಾಗಿಲಿಗೆ ಬಂದು ಕೂಗಿದನಂತೆ.

"ಅಕ್ಕಾ, ನಿಮ್ಮುಡುಗಿ ತಲುಪವ್ಳಂತೆ!"

"ಎಲ್ಗಪ್ಪ?"

"ಡೆಲ್ಲಿಗೆ."

"ಡೆಲ್ಲೀಲಿ ಅವ್ಳ್ಗೆ ಮನೆ ಎಲ್ಲದೆ? ದಾರೀಲವ್ಳೆ ಅನ್ನು."

ಪೊರಕೆ ಹಿತ್ತಲ ಬಾಗಿಲ ಹಿಂದೆಯೇ ಉಳಿಯಿತು. ಡೆನ್ಮಾರ್ಕಿಗೆ ಹೋದ ಮೇಲೆ ನನಗೆ ಲೈನ್ ಸಿಗಲಿಲ್ಲ. ದಿನವೂ ಪ್ರಯತ್ನಿಸಿದೆ, ಸಿಗಲಿಲ್ಲ. ಇಲ್ಲಿ ಧೂಳಿನ ಮೇಲೆ ಧೂಳು ಕೂತಿತು. ನೆಲದಲ್ಲಿ ಅಪ್ಪನ ಹೆಜ್ಜೆ ಯಾವುದು, ಅವ್ವನದು ಯಾವುದು ಎಂದು ಗುರುತಿಸಬಹುದಿತ್ತು. ಸಂಘದವರೊಬ್ಬರು ವಿಚಾರಿಸಿಕೊಂಡು ಹೋಗಲು ಬಂದಾಗ ಅವ್ವ ಧೂಳಿನ ಮೇಲೆಯೇ ಚಾಪೆ ಹಾಸಿ ಕಾಫಿ ಕೊಟ್ಟಳು. ಚಿಕ್ಕವ್ವ ನಾಚಿಕೆಯಿಂದ ಅಡುಗೆಮನೆಯಿಂದಲೇ ಈಚೆ ಬರಲಿಲ್ಲ. ಅವರು ಹೋದ ಮೇಲೆ ಅಪ್ಪ, "ವಿಮಾನ ಇಳಿದು ಎಷ್ಟೋ ದಿನ ಆಯ್ತು, ತಲುಪೇ ತಲುಪಿರ್ತಾಳೆ, ಗುಡಿಸು," ಎಂದರು.

"ಅವ್ಳ್ ಬಾಯಲ್ಲಿ ಕೇಳ್ದೆ ಪೊರ್ಕೆ ಮುಟ್ಟಕಿಲ್ಲ."

ಕೊನೆಗೊಂದು ಬೆಳಿಗ್ಗೆ ಲೈನ್ ಸಿಕ್ಕಿತು. ಅಂಗಡಿಯವನು ಅವ್ವನನ್ನು ಕರೆತರುವವರೆಗೆ ನಾನು ಕಾದೆ. ಓಡಿ ಬಂದಿದ್ದಳು, ಉಸಿರು ಕೇಳಿಸುತ್ತಿತ್ತು.

"ಮನೆ ಸೇರ್ಕಂಡ್ಯಾ?"

"ಸೇರ್ದೆ ಅವ್ವ. ಇಲ್ಲಿ ಎಲ್ರೂ ಚೆನ್ನಾಗ್ ನೋಡ್ಕತಾರೆ, ಸಂಜೆ ಎಷ್ಟೊತ್ತಾದ್ರೂ ಕತ್ಲೇ ಆಗಲ್ಲ..."

"ಅದ್ ಇರ್ಲಿ. ಮನೆ ಒಳಗೇ ಇದ್ದೀಯಾ ಈಗ?"

"ಒಳಗೇ ಇದೀನಿ."

"ಸರಿ ಬುಡು, ಮಡುಗ್ತೀನಿ."

ಇಟ್ಟೇಬಿಟ್ಟಳು. ನಾನೂ ರಿಸೀವರ್ ಇಟ್ಟೆ. ಹೇಳಲು ಬಹಳ ಇತ್ತು. ಕಳಿಸಿದ ಮೇಲೆ ಅವಳಿಗೆ ನಾನು ಬೇಡವಾದೆ ಎಂದುಕೊಂಡೆ. ಆ ವರ್ಷವೆಲ್ಲ ಆ ಮಾತು ಮನಸ್ಸಿನಲ್ಲಿ ಇತ್ತು.

ವಾಪಸು ಬಂದ ಮೇಲೆ ಚಿಕ್ಕವ್ವ ಇದೆಲ್ಲವನ್ನೂ ಹೇಳಿ ನಗಿಸಿದಳು. ಅಂಗಡಿಯಿಂದ ಬಂದ ಅವ್ವ ಚಪ್ಪಲಿ ಬಿಡುತ್ತಲೇ ಪೊರಕೆ ಹಿಡಿದಳಂತೆ. ಕಸವನ್ನು ಮೊರದಲ್ಲಿ ಎತ್ತಲಾಗದೆ ಮಣ್ಣು ಹೊರುವ ಬಾಣಲಿಯಲ್ಲಿ ಹೊತ್ತು ಹಾಕಿದರಂತೆ. ಅವ್ವ ಪಕ್ಕದಲ್ಲೇ ಕೂತಿದ್ದಳು. "ಒಸಿ ಧೂಳಿತ್ತು, ಅಷ್ಟೇಯ," ಎಂದಳು. 

ಆಮೇಲೆ ನನಗೆ ಮೈಸೂರಿನಲ್ಲಿ ಕೆಲಸವಾಯಿತು, ಮದುವೆಯಾಯಿತು. ಪ್ರತಿ ಸಲ ಗುಂಡ್ಲುಪೇಟೆಯಿಂದ ಹೊರಟು ಮೈಸೂರಿನ ಮನೆಯ ಒಳಗೆ ಕಾಲಿಟ್ಟ ಕೂಡಲೇ ಫೋನ್ ಮಾಡುತ್ತಿದ್ದೆ. ಎರಡು ಮಾತು, ಅಷ್ಟೇ. ಅವಳು ಗುಡಿಸಲಿ ಎಂದು ನಾನೇ ಬೇಗ ಇಡುತ್ತಿದ್ದೆ.

ಅವ್ವನನ್ನು ಹೊತ್ತವರು ಬೀದಿಯ ತಿರುವು ದಾಟುವ ಮೊದಲೇ ಮನೆ ಗುಡಿಸಿ ತೊಳೆದರು. ಅದೂ ಪದ್ಧತಿಯೇ. ಚಿಕ್ಕವ್ವ ನೀರು ಹೊಯ್ದಳು, ನಾನು ಗುಡಿಸಿದೆ. ಮೂಲೆಗಳನ್ನೂ ಗುಡಿಸಿದೆ.

ಕಾರ್ಯಗಳೆಲ್ಲ ಮುಗಿದು ಮೈಸೂರಿಗೆ ಹೊರಟಾಗ ಅಪ್ಪ ಬಸ್ಸು ಹತ್ತಿಸಿದರು. ರಾತ್ರಿ ಮನೆ ತಲುಪಿ, ಬೀಗ ತೆಗೆದು, ಒಳಗೆ ಹೋಗಿ ಫೋನಿಗೆ ಕೈ ಹಾಕಿದೆ. ಅಪ್ಪ ಆ ಹೊತ್ತಿಗೆ ಮಲಗಿರುತ್ತಾರೆ. ಮನೆ ಸೇರ್ಕಂಡ್ಯಾ ಎಂದು ಕೇಳುವವರು ಅಲ್ಲಿ ಈಗ ಇಲ್ಲ.