ಮುದ್ದೆ ಮಜ್ಜಿಗೆ ಉಂಡ ನಾಯಿ

ನೀಲಿ ಪ್ಲಾಸ್ಟಿಕ್ ಮಗ್ಗಿನ ಹಿಡಿಯ ಒಳಗಡೆ, ಹೆಬ್ಬೆರಳು ಕೂರುವ ಜಾಗದಲ್ಲಿ, ಉಗುರುಬಣ್ಣದ ಒಂದು ಕೆಂಪು ಚುಕ್ಕೆ ಇತ್ತು. ಇಟ್ಟವಳು ನಾನು. ನಾಯಿಯನ್ನು ಮುಟ್ಟಿ ಬಂದವರು ಆ ಮಗ್ಗಿನಿಂದ ಮಾತ್ರ ನೀರು ತೆಗೆದುಕೊಂಡು ಕೈ ತೊಳೆಯಬೇಕು. ಚುಕ್ಕೆ ಇಲ್ಲದ ಮಗ್ಗುಗಳನ್ನು ಆ ಕೈ ಮುಟ್ಟಬಾರದು. ಚಳ್ಳಕೆರೆಯ ನಮ್ಮ ಮನೆಯಲ್ಲಿ ಈ ನಿಯಮವನ್ನು ಪಾಲಿಸುತ್ತಿದ್ದವಳು ನಾನೊಬ್ಬಳೇ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಗಳಾಗಿದ್ದವು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹಾಸ್ಟೆಲಿನಿಂದ ಟ್ರಂಕು ಹೊತ್ತು ಮನೆಗೆ ಬಂದಿದ್ದೆ. ಇಂಥ ನಿಯಮಗಳು ಇನ್ನೂ ಬೇರೆ ಇದ್ದವು. ಹಿತ್ತಲಿನ ಕೊತ್ತಂಬರಿಯನ್ನು ಉಪ್ಪುನೀರಿನಲ್ಲಿ ಮೂರು ಸಲ ಜಾಲಿಸಬೇಕು. ನಾಯಿ ಮಲಗಿದ ಚಾಪೆಯನ್ನು ಮಡಿಸುವಾಗ ಉಸಿರು ಬಿಗಿಹಿಡಿಯಬೇಕು. ಚಳಿಗಾಲದಲ್ಲಿ ನನ್ನ ಬೆರಳುಗಳ ಸಂದು ಒಡೆದು ರಕ್ತ ಜಿನುಗುತ್ತಿತ್ತು. ಅವ್ವ ಶೇಂಗಾ ಎಣ್ಣೆ ಹಚ್ಚುತ್ತಾ ಬಯ್ಯುತ್ತಿದ್ದಳು: "ಹಿಂಗೆ ತಿಕ್ಕಿದ್ರೆ ಅಂಗೈನ ಗೆರೆ ಎಲ್ಲಾ ಅಳಿಸಿ ಹೋಗ್ತಾವೆ ಕಣೆ. ಆಮೇಲೆ ನಿನ್ನ ಹಣೇಬರ ಯಾರು ಓದ್ಬೇಕು?"

ಓದಿದ್ದರಿಂದ ಹೀಗಾದಳು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಶೇಂಗಾ ವ್ಯಾಪಾರಿ. ಯಾವ ಕಾಯಿಲೆಗೂ ಒಂದು ಮೂಲ ಬೇಕು ಅವರಿಗೆ. ಕೈ ತೊಳೆಯುವುದು ವಿಶ್ವವಿದ್ಯಾಲಯದಲ್ಲಿ ಶುರುವಾದದ್ದಲ್ಲ. ಅದು ಶುರುವಾದಾಗ ನನಗೆ ಹನ್ನೆರಡು ವರ್ಷ, ಮತ್ತು ಆಗ ಕ್ರಿಮಿಗಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಆಗ ನಮ್ಮ ಮನೆಯಲ್ಲಿ ಬೇರೊಂದು ನಾಯಿ ಇತ್ತು. ಕಂದು ಬಣ್ಣದ ಹೆಣ್ಣುನಾಯಿ. ಅವ್ವ ಅದನ್ನು ಮಗುವಿನಂತೆ ಸಾಕಿದ್ದಳು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯ ಸಿಪ್ಪೆಯೂ ಅಂಗಳಕ್ಕೆ ಬರುವಂತಿರಲಿಲ್ಲ. ನಾಯಿಗೂ ಅದೇ ನೇಮ. ಬೆಳಿಗ್ಗೆ ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ತುತ್ತು ಮಾಡಿ, ಅವ್ವನೇ ತಿನ್ನಿಸುತ್ತಿದ್ದಳು. ಅದು ಬೆರಳು ನೆಕ್ಕುತ್ತಿತ್ತು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಸೋಮವಾರ ಪೂಜೆ ಮುಗಿದ ಮೇಲೆ ಅದರ ಹಣೆಗೂ ಒಂದೆಳೆ ವಿಭೂತಿ ಬೀಳುತ್ತಿತ್ತು.

"ನಿಮ್ಮ ನಾಯಿಗೆ ದೀಕ್ಷೆ ಯಾವಾಗ ಕೊಡಿಸ್ತೀರವ್ವಾ?" ಎಂದು ಪಾತ್ರೆ ತೊಳೆಯುವ ಅಜ್ಜಿ ನಗುತ್ತಿದ್ದಳು.

"ಅದಕ್ಕೆ ಆಗಲೇ ಆಗೈತೆ. ನಿನಗೇ ಆಗ್ಬೇಕು," ಎನ್ನುತ್ತಿದ್ದಳು ಅವ್ವ.

ಅಜ್ಜಿ ಎಂದರೆ ಸಂಬಂಧಿಯಲ್ಲ. ಅವ್ವನ ತವರು ಮೊಳಕಾಲ್ಮೂರಿನವಳು. ನಾನು ಹುಟ್ಟುವ ಹೊತ್ತಿಗೆ ಬಾಣಂತನಕ್ಕೆಂದು ಬಂದವಳು ನಮ್ಮಲ್ಲೇ ಉಳಿದಿದ್ದಳು. ಹಿತ್ತಲಿನ ಕೋಣೆಯಲ್ಲಿ ಅವಳದೇ ಒಲೆ, ಅವಳದೇ ಗಡಿಗೆ. ಅವಳು ಮಾಂಸ ತಿನ್ನುವವಳೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅಂಗಳದಲ್ಲಿ ಒಂದು ದಿನವೂ ಬೇಯಿಸಿದವಳಲ್ಲ. ಆಸೆಯಾದಾಗ ಪರಿಚಯದವರ ಮನೆಗೆ ಹೋಗಿ ಉಂಡು, ಸ್ನಾನ ಮಾಡಿಯೇ ಬರುತ್ತಿದ್ದಳು.

ಆ ವರ್ಷ ನಾಯಿ ಮರಿ ಹಾಕಿತು. ಐದು ಮರಿಗಳು. ಮುದ್ದೆ ಮಜ್ಜಿಗೆಯಿಂದ ಮರಿಗಳಿಗೆ ಬೇಕಾದಷ್ಟು ಹಾಲು ಇಳಿಯಲಿಲ್ಲ. ಪಕ್ಕೆಲುಬು ಎಣಿಸಲು ಬರುವಂತಾಯಿತು, ಬೆನ್ನಿನ ಕೂದಲು ಉದುರಿತು. ಎರಡು ಮರಿಗಳು ಸತ್ತವು. ಒಂದು ಭಾನುವಾರ ನಾನು ಹಿಂದಿನ ಓಣಿಯಲ್ಲಿ ಬರುತ್ತಿದ್ದಾಗ ಬೇವಿನ ಮರದ ಕೆಳಗೆ ಕುರಿ ಕೊಯ್ಯುವವನು ಏನನ್ನೋ ಪಕ್ಕಕ್ಕೆ ಎಸೆಯುವುದನ್ನು ಕಂಡೆ. ನಮ್ಮ ಕಡೆಯ ಕಾವಲುಗಳಲ್ಲಿ, ಆ ಹುಲ್ಲುಗಾವಲುಗಳಲ್ಲಿ, ಮೇಯ್ದ ಕುರಿಗಳೇ ಅವನಲ್ಲಿಗೆ ಬರುತ್ತಿದ್ದುದು. ನಾನು ನಿಂತದ್ದನ್ನು ಅವನು ನೋಡಿದ.

"ಏನು ತಾಯಿ, ಸಾವ್ಕಾರ್ರ ಮಗಳು ಇಲ್ಲಿ?"

"ಅದನ್ನ ಯಾಕೆ ಬಿಸಾಕಿದಿರಿ?"

"ಕಲೀಜ. ನೀರುಗುಳ್ಳೆ ಎದ್ದೈತೆ ನೋಡು, ಇದನ್ನ ಯಾರು ತಗಂತಾರೆ? ನಾಯಿಗೆ ಬೇಕಾ?"

ಕಲೀಜ ಎಂದರೆ ಕುರಿಯ ಪಿತ್ತಜನಕಾಂಗ. ಅದರ ಮೇಲೆ ಬಿಳಿಯ ಗುಳ್ಳೆಗಳು ಹಲಸಂದೆ ಕಾಳಿನಷ್ಟು, ಗೋಲಿಯಷ್ಟು, ಒಂದಂತೂ ನಿಂಬೆಹಣ್ಣಿನಷ್ಟು ದೊಡ್ಡದು. ಅವನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟ. ನಾನು ಪೊಟ್ಟಣವನ್ನು ಎರಡು ಬೆರಳುಗಳಲ್ಲಿ ಹಿಡಿದು, ಗೋಡೆಯ ಹಿಂದೆ ಶೇಂಗಾ ಹೊಟ್ಟಿನ ರಾಶಿಯ ಮರೆಯಲ್ಲಿ ನಾಯಿಯ ಮುಂದಿಟ್ಟೆ. ಅದು ತಿಂದ ವೇಗ ನನಗೆ ಇನ್ನೂ ನೆನಪಿದೆ. ಅಗಿಯಲಿಲ್ಲ. ಆಮೇಲೆ ನಾನು ಬಚ್ಚಲಿಗೆ ಹೋಗಿ ಹುಣಸೆಹಣ್ಣಿನಿಂದ ಒಮ್ಮೆ, ಸೀಗೆಪುಡಿಯಿಂದ ಒಮ್ಮೆ, ಸೋಪಿನಿಂದ ಎರಡು ಸಲ ಕೈ ತೊಳೆದೆ. ವಾಸನೆ ಯಾರಿಗೂ ಸಿಗಬಾರದಿತ್ತು.

ಸುಮಾರು ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ ಹೀಗೆ ನಡೆಯಿತು. ನಾಯಿಯ ಮೈ ತುಂಬಿಕೊಂಡಿತು. ಅವ್ವ ನೆರೆಯವರಿಗೆ ಅದನ್ನು ತೋರಿಸಿ, "ಬರೀ ಮುದ್ದೆ ಮಜ್ಜಿಗೆ ಉಂಡೇ ಹೆಂಗೈತೆ ನೋಡ್ರಿ," ಎಂದು ಹೆಮ್ಮೆಪಡುತ್ತಿದ್ದಳು. ನಾನು ಹೈಸ್ಕೂಲಿಗೆ ಸೇರಿದ ಮೇಲೆ ಪೊಟ್ಟಣ ನಿಂತಿತು, ಕೈ ತೊಳೆಯುವುದು ನಿಲ್ಲಲಿಲ್ಲ. ನಾನು ಪದವಿ ಓದುವಾಗ ಆ ನಾಯಿ ಮುದಿಯಾಗಿ ಸತ್ತಿತು. ಅವ್ವ ಅದರ ಮೇಲೆ ಮಣ್ಣೆಳೆಯುವ ಮುನ್ನ ಹಣೆಗೆ ವಿಭೂತಿ ಹಚ್ಚಿದಳು.

ಎಂ.ಎಸ್ಸಿ.ಯ ಎರಡನೆಯ ವರ್ಷ, ಪರೋಪಜೀವಿಗಳ ಪಾಠ ಮಾಡುತ್ತಿದ್ದ ಮೇಷ್ಟ್ರು ಬೋರ್ಡಿನ ಮೇಲೆ ಕುರಿ, ನಾಯಿ, ಮನುಷ್ಯನ ಚಿತ್ರ ಬರೆದು ಬಾಣಗಳನ್ನು ಹಾಕಿದರು. ಕುರಿಯ ಅಂಗದಲ್ಲಿ ನೀರುಗುಳ್ಳೆ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಹುಳು. ನಾಯಿಯ ಮಲದಲ್ಲಿ, ತುಪ್ಪಳದಲ್ಲಿ, ನಾಲಿಗೆಯಲ್ಲಿ ಆ ಹುಳುವಿನ ಮೊಟ್ಟೆ. ಮೊಟ್ಟೆ ಹುಲ್ಲಿಗೆ ಬಿದ್ದರೆ ಕುರಿಗೆ, ಕೈಗೆ ಅಂಟಿದರೆ ಮನುಷ್ಯನಿಗೆ. ಮನುಷ್ಯನಿಂದ ಹೊರಡುವ ಬಾಣ ಇರಲಿಲ್ಲ. "ಮನುಷ್ಯನನ್ನ ನಾಯಿ ತಿನ್ನಲ್ವಲ್ಲ, ಹಾಗಾಗಿ ಅಲ್ಲಿಗೆ ನಿಂತಿತು," ಎಂದರು. ತರಗತಿ ನಕ್ಕಿತು. ಆಮೇಲೆ ಗಾಜಿನ ಜಾಡಿಯೊಂದನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಜಾಡಿ ನನ್ನ ಕೈಗೆ ಬಂದಾಗ ಒಳಗಿದ್ದದ್ದು ಏನೆಂದು ಚೀಟಿ ಓದದೆ ಗೊತ್ತಾಯಿತು.

ಅಂದಿನಿಂದ ರಜೆಗೆ ಮನೆಗೆ ಬಂದಾಗಲೆಲ್ಲ ಅವ್ವನನ್ನು ಕೇಳುತ್ತಿದ್ದೆ, ಹೊಟ್ಟೆನೋವು ಬರುತ್ತದೆಯೇ ಎಂದು. "ನಿಮ್ಮಪ್ಪನ ಮಾತು ಕೇಳಿದಾಗ ಬರ್ತೈತೆ," ಎನ್ನುತ್ತಿದ್ದಳು. ಮನೆಗೆ ಹೊಸ ನಾಯಿ ಬಂದಿತ್ತು. ಅದು ಮರಿಯಾಗಿದ್ದಾಗಿನಿಂದ ಕಟ್ಟಿಹಾಕಿಯೇ ಬೆಳೆಸಿದ್ದು. ನಾನು ಕ್ರಮ ತಪ್ಪದೆ ಅದಕ್ಕೆ ಹುಳುವಿನ ಮಾತ್ರೆ ಕೊಡಿಸುತ್ತಿದ್ದೆ. ಮಗ್ಗಿನ ಮೇಲೆ ಚುಕ್ಕೆ ಇಟ್ಟದ್ದು ಈ ನಾಯಿಯ ಕಾಲದಲ್ಲಿ. ಹೆದರಬೇಕಾದ ನಾಯಿ ಮಣ್ಣಾಗಿತ್ತು. ನಾನು ಹೆದರುತ್ತಿದ್ದುದು ಇದಕ್ಕೆ.

ನಾನು ಓದು ಮುಗಿಸಿ ಬಂದ ವರ್ಷವೇ ಅವ್ವನಿಗೆ ಬಲಪಕ್ಕೆಯಲ್ಲಿ ಭಾರ ಶುರುವಾಯಿತು. ಗ್ಯಾಸು ಎಂದು ಜೀರಿಗೆ ಕಷಾಯ ಕುಡಿದಳು. ದಾವಣಗೆರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಜನಕಾಂಗದಲ್ಲಿ ತೆಂಗಿನಕಾಯಿ ಗಾತ್ರದ ಗುಳ್ಳೆ ಕಂಡಿತು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಅಪ್ಪನನ್ನು ಕೇಳಿದರು: "ಮನೆಯಲ್ಲಿ ನಾಯಿ ಇದೆಯಾ?"

"ಐತೆ ಸಾರ್. ಆದ್ರೆ ನಮ್ದು ಮಾಂಸ ತಿನ್ನೋ ನಾಯಿ ಅಲ್ಲ."

ಡಾಕ್ಟರು ನಕ್ಕರು. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

ಆಪರೇಷನ್ನಿನಲ್ಲಿ ಗುಳ್ಳೆಯ ನೀರು ಸ್ವಲ್ಪ ಒಳಗೇ ಸೋರಿತು. ಹಾಗೆ ಸೋರಿದರೆ ಮತ್ತೆ ಬೇರೆಡೆ ಬೆಳೆಯಬಹುದು, ಮಾತ್ರೆ ತಪ್ಪಿಸಬೇಡಿ, ಆರಾರು ತಿಂಗಳಿಗೆ ಬಂದು ತೋರಿಸಿ ಎಂದರು. ಅವ್ವ ಮನೆಗೆ ಬಂದಾಗ ಅವಳ ರವಿಕೆಯ ತೋಳು ಜೋತುಬಿದ್ದಿತ್ತು.

ಬಾಣಂತಿಯಂತೆ ಅವಳನ್ನು ನೋಡಿಕೊಂಡವಳು ಅಜ್ಜಿ. ಅಪ್ಪನ ಅಕ್ಕ, ನನ್ನ ಅತ್ತೆ, ಅಡಿಗೆಗೆಂದು ಬಂದಿದ್ದರು. ಅವ್ವ ಮನೆಗೆ ಬಂದ ಎರಡನೆಯ ವಾರ ಒಂದು ಬೆಳಿಗ್ಗೆ ಅಪ್ಪ, ರಾಂಪುರದ ಕಡೆ ಹೊರಟಿದ್ದ ಲಾರಿಯವನಿಗೆ ನಾಯಿಯನ್ನು ಹತ್ತಿಸಿ ದಾರಿಯಲ್ಲಿ ಎಲ್ಲಾದರೂ ಬಿಟ್ಟುಬಿಡಲು ಹೇಳಿಕಳಿಸಿದರು. ಸರಪಳಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ನಾಯಿ ಬಾಲ ಅಲ್ಲಾಡಿಸುತ್ತಿತ್ತು.

"ಅಪ್ಪ, ಇದರಿಂದ ಬಂದದ್ದಲ್ಲ," ಎಂದೆ.

"ಡಾಕ್ಟ್ರೇ ಹೇಳ್ಯಾರೆ ನಾಯಿಂದ ಅಂತ. ನೀನೇನು ಡಾಕ್ಟ್ರಿಗಿಂತ ದೊಡ್ಡೋಳಾ?"

"ಆ ಗುಳ್ಳೆ ಅಷ್ಟು ದೊಡ್ಡದಾಗೋಕೆ ವರ್ಷಗಟ್ಟಲೆ ಬೇಕು. ಇದು ಹುಟ್ಟಿ ಮೂರು ವರ್ಷ ಆಗಿಲ್ಲ."

ನಾನು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಕುರಿ, ಗುಳ್ಳೆ, ನಾಯಿ, ಮೊಟ್ಟೆ, ಕೈ. ಅಪ್ಪ ಕೇಳುತ್ತಾ ಕೇಳುತ್ತಾ ಸರಪಳಿಯನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿದರು. ಗೆದ್ದೆ ಎಂದುಕೊಂಡೆ.

"ಅಂದ್ರೆ ಹಳೇ ನಾಯಿ," ಎಂದರು. "ಅದು ಕುರಿದು ಏನೋ ತಿಂದೈತೆ. ಮುದ್ದೆ ಉಣ್ಣೋ ನಾಯಿಗೆ ಅದನ್ನ ಹಾಕಿದೋರು ಯಾರು?"

ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಅದಕ್ಕೇನು ಪಂಚಾಂಗ ನೋಡ್ಬೇಕಾ? ಈ ಮನೇಲಿ ಅಂಥದ್ದು ತಿನ್ನೋರು ಎಷ್ಟು ಜನ ಅವ್ರೆ, ಒಬ್ಬಳೇ."

ಅಜ್ಜಿ ಬಚ್ಚಲ ಕಟ್ಟೆಯ ಮೇಲೆ ಪಾತ್ರೆ ಉಜ್ಜುತ್ತಿದ್ದಳು. ಅಪ್ಪ ಕೂಗಿದರು. ಅವಳು ಬೂದಿ ಹತ್ತಿದ ಕೈ ಹಾಗೇ ಹಿಡಿದುಕೊಂಡು ಬಂದಳು.

"ನಾನು ಹಾಕಿಲ್ರಿ ಸಾವ್ಕಾರ್ರೇ. ಆ ಕುಕ್ಕನ ಬಾಯಿಗೆ ಒಂದು ಎಲುಬು ಇಟ್ಟೋಳಲ್ಲ." ಗಾಬರಿಯಾದಾಗ ಅವಳ ಮಾತಿನಲ್ಲಿ ತೆಲುಗು ಬರುತ್ತಿತ್ತು. "ಅಮ್ಮತೋಡು, ನಮ್ಮವ್ವನಾಣೆ. ಅವ್ವನ್ನ ಕೇಳ್ರಿ ಬೇಕಾದ್ರೆ."

"ತಿಂದ ಕೈ ಅದಕ್ಕೆ ನೆಕ್ಸಿದ್ರೂ ಸಾಕಲ್ಲ," ಎಂದರು ಅತ್ತೆ. "ಹೊಟ್ಟೆ ಕೊಯ್ಸಿಕೊಂಡೋಳು ಯಾರು? ನೀನಾ?"

ಆ ಕ್ಷಣ ನಾನು ಬಾಯಿ ತೆರೆಯಬಹುದಿತ್ತು. ಅಂಗಳದಲ್ಲಿ ನಾಲ್ಕೇ ಜನ ಇದ್ದೆವು. ನನ್ನ ಎಡಗೈ ಹೆಬ್ಬೆರಳಿನ ಉಗುರು ಬಲಗೈಯ ಒಡೆದ ಚರ್ಮವನ್ನು ಕೀಳುತ್ತಿತ್ತು, ಅಷ್ಟೇ. ಅಪ್ಪ ಕೂಗಾಡಲಿಲ್ಲ. ನಾಳೆಯಿಂದ ಬೇಡ ಎಂದರು. ಅಜ್ಜಿ ಪಾತ್ರೆಗಳನ್ನು ಪೂರ್ತಿ ತೊಳೆದು, ಬೋರಲು ಹಾಕಿ, ಅವ್ವನ ಕೋಣೆಯ ಹೊಸಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಮಧ್ಯಾಹ್ನದ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದಳು. ಅವ್ವ ಮಾತ್ರೆಯ ಮಂಪರಿನಲ್ಲಿದ್ದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ಎದ್ದು ಅಜ್ಜಿಯನ್ನು ಕೇಳಿದಳು. ಅತ್ತೆ ಗುಡಿಗೆ ಹೋಗಿದ್ದರು. ನಾನು ಬಾಗಿಲು ಮುಂದೆ ಮಾಡಿ, ಮಂಚದ ಪಕ್ಕ ನೆಲದ ಮೇಲೆ ಕೂತು, ಬೇವಿನ ಮರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಪರೀಕ್ಷೆಯಲ್ಲಿ ಉತ್ತರ ಹೇಳಿದಂತೆ ಹೇಳಿದೆ. ಬೇರೆ ರೀತಿಯಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ.

ಅವ್ವ ಕೇಳಿದ ಮೊದಲ ಪ್ರಶ್ನೆ ತನ್ನ ಹೊಟ್ಟೆಯ ಬಗ್ಗೆ ಅಲ್ಲ.

"ಕೈಲಿ ಮುಟ್ಟಿದ್ಯಾ?"

"ಇಲ್ಲ. ಕಾಗದದಲ್ಲಿ ಇತ್ತು."

"ಅದಕ್ಕೇ ಆವಾಗಿಂದ ತೊಳೀತಿದ್ಯಾ?"

ನಾನು ತಲೆಯಾಡಿಸಿದೆ.

"ನಿಮ್ಮಪ್ಪಗೆ ಹೇಳ್ಬ್ಯಾಡ. ನಿಮ್ಮತ್ತೆ ಕಿವಿಗಂತೂ ಬೀಳಲೇಬಾರ್ದು. ಎರಡು ಕಡೆಯಿಂದ ನಿನ್ನ ಕೇಳ್ತಾ ಅವ್ರೆ. ಹುಡುಗಿ ಕಟುಕರ ಕೈಯಿಂದ ಮಾಂಸ ಇಸ್ಕಂಡು ಬರ್ತಿದ್ಲು ಅಂದ್ರೆ ಯಾರು ಬರ್ತಾರೆ?"

"ಅಜ್ಜಿ?"

"ಆಯಮ್ಮಗೆ ತಮ್ಮ ಅವ್ನೆ. ಒಂದು ಮೂಲೆ ಕೊಡ್ತಾನೆ." ಅವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಹೊಲಿಗೆಯ ಮೇಲೆ ಕೈ ಇಟ್ಟುಕೊಂಡೇ ಹೊರಳಬೇಕಾಗಿತ್ತು ಅವಳು. ಎಷ್ಟೋ ಹೊತ್ತಾದ ಮೇಲೆ, ನಾನು ಹೋದೆನೆಂದು ತಿಳಿದೋ ಏನೋ, ಗೋಡೆಗೆ ಹೇಳಿದಳು: "ಇವಳ ಮೈಮೇಲೆ ಮೊದಲ ನೀರು ಹುಯ್ದೋಳು ಆಯಮ್ಮ."

ಮರುದಿನ ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ, ಶೇಂಗಾ ಮಂಡಿಗೆ ಹೋಗಲು ಚಪ್ಪಲಿ ಮೆಟ್ಟುತ್ತಿದ್ದರು. ನಾನು ಕಟ್ಟೆಯ ಮೇಲೆ ಹಿಂದಿನ ದಿನದ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದೆ.

"ಅಪ್ಪ, ಹಳೇ ನಾಯಿಗೆ ಕಲೀಜ ತಂದು ಹಾಕ್ತಿದ್ದೋಳು ನಾನು. ಎರಡು ವರ್ಷ. ಅಜ್ಜಿಗೆ ಏನೂ ಗೊತ್ತಿರಲಿಲ್ಲ."

ಅವರು ನನ್ನ ಮುಖ ನೋಡಲಿಲ್ಲ, ಕೈಗಳನ್ನು ನೋಡಿದರು. "ನಿಮ್ಮವ್ವಗೆ ಗೊತ್ತಾ?"

"ನಿನ್ನೆ ಹೇಳಿದೆ."

ಅಪ್ಪ ಚಪ್ಪಲಿ ಬಿಟ್ಟರು. ಹಣೆಯ ವಿಭೂತಿಯನ್ನು ಟವೆಲಿನಿಂದ ಒರೆಸಿಕೊಂಡು, ಒಳಗೆ ಹೋಗಿ, ಮತ್ತೆ ಸ್ನಾನ ಮಾಡಬೇಕು ನೀರು ಕಾಯಿಸಿ ಎಂದು ಅತ್ತೆಗೆ ಹೇಳಿದರು. ಯಾಕೆ ಎಂದು ಅತ್ತೆ ಕೇಳುವಾಗ ಅವರು ಟವೆಲು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ನಡೆದರು.

ನಾನೇ ಹಂಡೆ ತುಂಬಿಸಿ, ಒಲೆಗೆ ಶೇಂಗಾ ಹೊಟ್ಟು ಸುರಿದು ಊದಿದೆ. ನೀರಿನ ಮೇಲೆ ಆವಿ ಏಳುವವರೆಗೆ ಅಲ್ಲೇ ಕೂತಿದ್ದೆ. ಆಮೇಲೆ ಸೀರೆ ಬದಲಿಸಿ, ಅವ್ವನ ಬೆಳಗಿನ ಮಾತ್ರೆಯನ್ನು ಅವಳ ಕೈಗಿಟ್ಟು, ಎಲ್ಲಿಗೆ ಎಂದು ಅವಳು ಕೇಳುವ ಮೊದಲೇ ಮೊಳಕಾಲ್ಮೂರಿನ ಬಸ್ಸಿಗೆ ಹೊರಟೆ.