ಒಂದೇ ಒದೆತಕ್ಕೆ ಎದ್ದ ಗಾಡಿ

ಗದಗ ಸ್ಟೇಶನ್ನಿನ ಎದುರಿಗೆ ಹೊಳೆಯಪ್ಪನ ಅಂಗಡಿ. ಸೈಕಲ್ಲು, ಪಂಪು, ಹೊಲಿಗೆ ಯಂತ್ರ, ಏನು ತಂದುಕೊಟ್ಟರೂ ಬಿಚ್ಚುತ್ತಿದ್ದ. ಆದರೆ ಹೆಸರು ಬಂದದ್ದು ಮೋಟಾರ್‌ಸೈಕಲ್ಲಿನಿಂದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳು ಈ ಕಡೆಗೂ ಬಂದವು. ಅವುಗಳ ಹೊಟ್ಟೆಯಲ್ಲಿ ಏನಿದೆಯೆಂದು ಬಲ್ಲವನು ಪುಣೆಯಲ್ಲಿ ದುಡಿದು ಬಂದ ಹೊಳೆಯಪ್ಪ ಒಬ್ಬನೇ. ತಾನು ಬೆಳ್ಳಟ್ಟಿಯ ಕಮ್ಮಾರ ಮೌನಪ್ಪನ ಮಗ ಎಂಬುದನ್ನು ಮಾತ್ರ ಅವನು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಕುಡಗೋಲು ಬಡಿಯುವ ಮನೆಯವನೆಂದರೆ ಮೆಕ್ಯಾನಿಕ್ಕಿನ ಕಿಮ್ಮತ್ತು ಇಳಿದೀತೆಂದು ಅವನ ಹೆದರಿಕೆ. ಅಪ್ಪನ ಕುಲುಮೆಗೆ ಹೋಗುತ್ತಿದ್ದದ್ದು ದಸರೆಗೊಮ್ಮೆ, ಹಬ್ಬದ ಬನ್ನಿ ಎಲೆ ಕೊಡಲು.

ಇಂಥವನ ಹೊಟ್ಟೆಗೆ ಬೆಂಕಿ ಇಟ್ಟವನು ದಾದಾಪೀರ. ಹೊಳೆಯಪ್ಪನ ಕೈಕೆಳಗೇ ಕೆಲಸ ಕಲಿತು, ಬೆಟಗೇರಿಯಲ್ಲಿ ಸ್ವಂತ ಅಂಗಡಿ ಹಾಕಿದ್ದ. ಅದನ್ನು ಹಾಕಿದ ದಿನದಿಂದ ಹೊಳೆಯಪ್ಪನಿಗೆ ಬೆಟಗೇರಿಯ ಹೆಸರು ಕೇಳಿದರೂ ಆಗುತ್ತಿರಲಿಲ್ಲ. ಗಿರಾಕಿಗಳು ಅತ್ತ ಸರಿದರು ಅಂತೇನಲ್ಲ. ದಾದಾಪೀರ ನಕ್ಕು ಮಾತಾಡುತ್ತಾನೆ, ಜನ ಅವನನ್ನು ಹೊಗಳುತ್ತಾರೆ, ಅಷ್ಟು ಸಾಕಾಗಿತ್ತು.

ಮಾರ್ತಾಂಡರಾಯರೆಂಬ ವಕೀಲರು ಕನ್ನಡನಾಡು ಒಂದಾಗಬೇಕೆಂದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಸಭೆಗಳಿಗೆ ತಿರುಗುತ್ತಿದ್ದರು. ಅವರ ಹಳೆಯ ಮಿಲಿಟರಿ ಗಾಡಿಯ ಕಿಕ್ಕು ಜಾರತೊಡಗಿತು. ಗೇರ್‌ಪೆಟ್ಟಿಗೆಯೊಳಗೆ ಹಲ್ಲಿನ ಚಕ್ರಗಳು ಎರಡು. ಒದ್ದಾಗ ಒಂದರ ಹಲ್ಲು ಇನ್ನೊಂದನ್ನು ಕಚ್ಚಿ ಎಂಜಿನ್ನನ್ನು ತಿರುಗಿಸಬೇಕು. ಹಲ್ಲು ಸವೆದಿತ್ತು. ಹೊಳೆಯಪ್ಪ ಅದನ್ನೇ ಅರದಿಂದ ಉಜ್ಜಿ ಚೂಪು ಮಾಡಿ ಕೂರಿಸಿದ. ನಾಲ್ಕು ದಿನ ನಡೆಯಿತು. ಲಕ್ಷ್ಮೇಶ್ವರದಲ್ಲಿ ಭಾಷಣ ಮುಗಿಸಿ, ಹಾರ ಹಾಕಿಸಿಕೊಂಡು ರಾಯರು ಒದ್ದರೆ ಕಾಲು ಸುಮ್ಮನೆ ಜಾರಿ ಮೊಣಕಾಲಿನ ಕೆಳಗೆ ಕಬ್ಬಿಣ ಬಡಿಯಿತು. ಹಾರ ಹಾಕಿದವರೇ ಗಾಡಿ ತಳ್ಳಿದರು. ಮರುದಿನ ರಾಯರು ಗಾಡಿಯನ್ನು ಬೆಟಗೇರಿಗೆ ಒಯ್ದರು.

ಕೆಲವು ದಿನಗಳ ನಂತರ ರಾಯರು ಹೊಳೆಯಪ್ಪನ ಅಂಗಡಿಯ ಎದುರಿಗೇ ಎಲೆ ಅಡಿಕೆ ಕೊಳ್ಳಲು ನಿಂತರು. ಮತ್ತೆ ಹತ್ತಿ ಒಂದೇ ಒದೆತ ಕೊಟ್ಟರು. ಗಾಡಿ ಎದ್ದುಬಿಟ್ಟಿತು. ಹೊಳೆಯಪ್ಪನ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗೆ ಬಿತ್ತು.

"ಎಂಟು ದಿನ ತಾಳಂಗಿಲ್ಲ, ಬರದಿಟ್ಟಕೋ," ಎಂದು ರಾತ್ರಿ ಹೆಂಡತಿ ಗದಿಗೆವ್ವನಿಗೆ ಹೇಳಿದ.

"ಗಾಡಿ ತಾಳತೈತೋ ಇಲ್ಲೋ, ನಿಮ್ಮ ಹೊಟ್ಟಿ ತಾಳಂಗಿಲ್ಲ ನೋಡ್ರಿ. ರೊಟ್ಟಿ ಉಣ್ಣರಿ ಮೊದಲ," ಎಂದಳು ಗದಿಗೆವ್ವ.

ಮಳೆಗಾಲ ಕಳೆಯಿತು, ಹಲ್ಲು ಜಾರಲಿಲ್ಲ. ಗಾಡಿಯ ಸದ್ದು ಕೇಳಿದಾಗಲೆಲ್ಲ ಹೊಳೆಯಪ್ಪ ಆ ಚಕ್ರ ಮುರಿಯಲೆಂದು ಮನಸಾರೆ ಬೇಡಿಕೊಂಡ. ದೇವರು ಇಂಥವಕ್ಕೆಲ್ಲ ಕಿವಿಗೊಡುವುದಿಲ್ಲ ಎಂದು ಕಾಣುತ್ತದೆ.

ದಸರೆ ಬಂತು. ನಾಡು ಒಂದಾಗುವ ದಿನವೂ ಗೊತ್ತಾಗಿತ್ತು. ಆ ದಿನದ ಉತ್ಸವದ ತಯಾರಿಗೆ ರಾಯರು ಬೆಳ್ಳಟ್ಟಿಗೆ ಹೊರಟಿದ್ದರು. ಬೆಳ್ಳಟ್ಟಿಯ ಬಸ್ಸಿಗೆ ಕಾಯುತ್ತ ನಿಂತ ಹೊಳೆಯಪ್ಪನನ್ನು ಕಂಡು ಗಾಡಿ ನಿಲ್ಲಿಸಿದರು.

"ನಾನೂ ಬೆಳ್ಳಟ್ಟಿಗೇ ಹೊಂಟೀನಿ. ಹಿಂದ ಕೂಡು ಬಾರಪಾ."

ಒಲ್ಲೆ ಅನ್ನಲು ಕಾರಣ ಹೊಳೆಯಲಿಲ್ಲ. ದಾದಾಪೀರ ಸರಿಮಾಡಿದ ಗಾಡಿಯ ಮೇಲೆ ಮುಳ್ಳಿನ ಮೇಲೆ ಕೂತವನ ಹಾಗೆ ಊರು ಮುಟ್ಟಿದ.

ಕುಲುಮೆಯ ಮುಂದೆ ಮೌನಪ್ಪ ಹೊಸ ಪಟಗಾ ಸುತ್ತಿ ನಿಂತಿದ್ದ. ಸುತ್ತಿಗೆ, ಇಕ್ಕಳ, ತಿದಿ ಎಲ್ಲ ಪೂಜೆಗೆ ಕೂತಿದ್ದವು. ಬನ್ನಿ ಹಂಚುವವರೆಗೆ ಮುಟ್ಟುವಂತಿಲ್ಲ. ಮುದುಕ ಮಗನ ಕಡೆ ನೋಡಲೇ ಇಲ್ಲ. ಸೀದಾ ಗಾಡಿಯ ಹತ್ತಿರ ಹೋಗಿ ಗೇರ್‌ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ನೀ ಕಳಿಸಿದ ಹಲ್ಲು ಇದರಾಗ ಐತೇನಲೇ ತಮ್ಮಾ? ಹೆಂಗ ಹಿಡದೈತಿ?"

"ಯಾವ ಹಲ್ಲು ಯಪ್ಪಾ?" ಎಂದ ಹೊಳೆಯಪ್ಪ.

"ಅದಽ, ದಾದಾಪೀರನ ಕೈಯಾಗ ಕಳಿಸಿದ್ದಿಯಲ್ಲ. ಲಾರಿ ಅಚ್ಚಿನ ತುಂಡಿನಾಗ ಹಲ್ಲು ಕೊರದು ತಂದಿದ್ದ. 'ನಮ್ಮ ಉಸ್ತಾದ ಕಳಿಸ್ಯಾರ, ಹದಾ ಹಾಕಾಕ ನಿಮ್ಮ ಕೈನಽ ಬೇಕಂತ' ಅಂದ. ಕೆಂಪಗ ಕಾಸಿ ಎಣ್ಣ್ಯಾಗ ಅದ್ದಿ ಕೊಟ್ಟೆ. ಬರೇ ಅರಾ ಹೊಡದ್ರ ಮೇಲಿನ ಗಟ್ಟಿ ಹೋಗಿ ಮೆತ್ತಂದು ಉಳೀತೈತಿ, ನಿನಗ ಗೊತ್ತಿದ್ದದ್ದಽ." ಮುದುಕ ರಾಯರ ಕಡೆ ತಿರುಗಿದ. "ಇಷ್ಟು ವರ್ಷಕ್ಕ ಅಪ್ಪನ ಕುಲುಮಿ ನೆನಪಾತ್ರಿ ಇವಗ. ಊರಮಂದಿಗೆಲ್ಲಾ ಹೇಳೀನಿ."

ಸಣ್ಣವನಿದ್ದಾಗ ಇದೇ ಜಾಗದಲ್ಲಿ ಕಲಿತ ಪಾಠ ಅದು. ಕಮ್ಮಾರನ ಮಗನಲ್ಲ ಅನ್ನಿಸಿಕೊಳ್ಳುವ ಭರದಲ್ಲಿ ಅದನ್ನೂ ಮರೆತಿದ್ದ. ವರ್ಷಗಟ್ಟಲೆ ಜೊತೆಗೆ ದುಡಿದ ದಾದಾಪೀರನಿಗೆ ಈ ಮನೆಯ ಗುಟ್ಟು ತಿಳಿದಿತ್ತು, ಅಪರಿಚಿತರ ಯಂತ್ರದ ಕೆಲಸ ಮುದುಕ ಮುಟ್ಟುವುದಿಲ್ಲವೆಂದೂ ಗೊತ್ತಿತ್ತು, ಅದಕ್ಕೇ ಸುಳ್ಳು ಹೇಳಿದ್ದ. ಹೂಂ ಅಂದರೆ ಎಲ್ಲ ಬಲ್ಲ ರಾಯರ ಎದುರಿಗೆ ಇನ್ನೊಬ್ಬನ ಕೆಲಸ ಕದ್ದ ಹಾಗೆ. ಇಲ್ಲ ಅಂದರೆ ಈ ಹೊಸ ಪಟಗಾದ ಕೆಳಗಿನ ಮುಖವನ್ನು ಆಮೇಲೆ ನೋಡುವುದು ಹೇಗೆ? ರಾಯರು ಅವನನ್ನೇ ನೋಡುತ್ತಿದ್ದರು.

"ಹೂಂ ಯಪ್ಪಾ. ನಾನಽ ಕಳಿಸಿದ್ದೆ."

ರಾಯರು ಕೆಮ್ಮಿ, ಮುದುಕ ನೋಡಲೆಂದು ಗಾಡಿಯನ್ನು ಅಲ್ಲೇ ಬಿಟ್ಟು, ಸಭೆಗೆ ಹೊತ್ತಾಯಿತೆಂದು ನಡೆದುಕೊಂಡೇ ಹೊರಟರು.

ಸಂಜೆ ಬನ್ನಿ ಕೊಟ್ಟು ಕಾಲಿಗೆ ಬಿದ್ದ ಮಗನನ್ನು ಎಬ್ಬಿಸುತ್ತ ಮೌನಪ್ಪ ಅಂದ: "ಆ ದಾದಾಪೀರನ್ನ ಮತ್ತ ಕಳಸು. ಛಲೋ ಮನಷಾ. ಉಂಡು, ಹರಟಿ ಹೊಡದು ಹೋದ. ತಿದೀನೂ ನಿನಗಿಂತ ಛಲೋ ಊದತಾನ."

ಅಪ್ಪನ ತಿದಿ! ಹೊಳೆಯಪ್ಪನ ಮೈಯೆಲ್ಲ ಉರಿಯಿತು. ಗಿರಾಕಿ ಹೋಗಲಿ, ಹೆಸರು ಹೋಗಲಿ, ಈ ಕುಲುಮೆಯೊಳಗೂ ಅವನು ತನಗಿಂತ ಮೊದಲು ಬಂದು ಕೂತಿದ್ದನೇ? ಬನ್ನಿ ಹಂಚಿದ ಮೇಲೆ ಕುಲುಮೆಗೆ ಹೊಸ ಬೆಂಕಿ ಹಾಕುವುದು ಆ ಮನೆಯ ಪದ್ಧತಿ. ವರ್ಷವೂ ಹೊಳೆಯಪ್ಪ ಆ ಹೊತ್ತಿಗೆ ಬಸ್ಸು ಹಿಡಿದಿರುತ್ತಿದ್ದ. ಇವತ್ತು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಚಿ, ಧೋತರ ಮೇಲೆ ಕಟ್ಟಿ, ತಿದಿಯ ಮುಂದೆ ಕೂತು ಜೋರಾಗಿ ಊದತೊಡಗಿದ. ಕಿಡಿಗಳು ಸೂರಿಗೆ ಹಾರಿದವು.

"ಸಾವಕಾಶಲೇ," ಎಂದ ಮೌನಪ್ಪ, ಪಕ್ಕದಲ್ಲಿ ಕೂತು ಮಗನ ಕೈಯ ಮೇಲೆ ತನ್ನ ಕೈಯಿಟ್ಟು. "ಅಂವಗೂ ಮೊದಲ ಹಿಂಗಽ ಹೇಳಿಕೊಟ್ಟೆ."