ಕ್ಲಚ್ಚಿಲ್ಲದ ಕಾರಿನ ಎಣ್ಣೆ

ನನ್ನ ಯಜಮಾನರ ಎಡಗಾಲು ಚಿಕ್ಕಂದಿನಿಂದಲೇ ಸೊರಗಿತ್ತು. ಶಹಾಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ಸುರಪುರ, ಯಾದಗಿರಿಯ ಕೋರ್ಟುಗಳಿಗೂ ಅಲೆಯಬೇಕಿತ್ತು. ನಿಜಾಮರ ಸಂಸ್ಥಾನ ಭಾರತದೊಳಗೆ ಸೇರಿದ ಹೊಸತರಲ್ಲಿ ಹೈದರಾಬಾದಿನ ಜಾಗೀರದಾರರೊಬ್ಬರು ಊರು ಬಿಡುವಾಗ ತಮ್ಮ ಅಮೆರಿಕದ ಕಾರನ್ನು ಮಾರಿದರು. ಅದಕ್ಕೆ ಕ್ಲಚ್ ಇರಲಿಲ್ಲ. ವೇಗ ಏರಿದಂತೆ ಗೇರು ತಾನೇ ಬದಲಾಗುತ್ತಿತ್ತು. ನಡೆಸಲು ಬಲಗಾಲೊಂದೇ ಸಾಕು. ಇವರು ಹಿಂದೆಮುಂದೆ ನೋಡದೆ ಕೊಂಡರು.

ವರ್ಷವೊಪ್ಪತ್ತು ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಸುರಪುರದ ಏರಿನಲ್ಲಿ ಎಂಜಿನ್ ಭೋರ್ಗರೆಯಿತು, ಕಾರು ಮಾತ್ರ ತೆವಳಿತು. ದಾರಿಹೋಕರು ನೂಕಿದರಂತೆ. ಮನೆಗೆ ಬಂದವರ ಮುಖ ಸಪ್ಪಗಿತ್ತು.

"ಲಾರಿ ಮೇಸ್ತ್ರಿ ನೋಡ್ಯಾನ. ಗೇರ್ ಬಾಕ್ಸ್ ಖಲಾಸ್ ಆಗ್ಯಾದಂತ. ಮಾರಿಬಿಡೂಣು."

"ತಡೀರಿ, ಮೊದಲ ನಾ ನೋಡ್ತೀನಿ," ಎಂದೆ.

ಅವರು ನಗಲಿಲ್ಲ. ನನ್ನ ತಂದೆ ಯಾದಗಿರಿಯ ಅರಳೆ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಅದರ ಸದ್ದು ಕೇಳಿಯೇ ಏನು ಕೆಟ್ಟಿದೆಯೆಂದು ನಾನು ಹೇಳುತ್ತಿದ್ದುದು ಇವರಿಗೆ ಗೊತ್ತಿತ್ತು.

ಮರುದಿನ ಅವರು ನಡೆಸಿದರು, ನಾನು ಪಕ್ಕದಲ್ಲಿ ಕೂತು ಕಿವಿಗೊಟ್ಟೆ. ಹೊರಡುವಾಗ ತೊಂದರೆಯಿಲ್ಲ. ಹಿಂದಕ್ಕೂ ಸರಿಯಾಗಿ ಹೋಗುತ್ತದೆ. ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಮಾತ್ರ ಹಿಡಿತ ತಪ್ಪುತ್ತಿತ್ತು.

"ಗೇರಿನ ಹಲ್ಲು ಮುರದಿದ್ರ ಖಟಖಟ ಅಂತಿತ್ತು. ಒಳಗಿಂದು ಗಟ್ಟಿ ಅದ್ರಿ," ಎಂದೆ.

ಅಂಗಳಕ್ಕೆ ಬಂದು, ಎಂಜಿನ್ ಓಡುತ್ತಿರುವಾಗಲೇ ಕಾಲ ಕೆಳಗಿನ ಚಾಪೆ ಎತ್ತಿ, ಗೇರಿನ ಎಣ್ಣೆ ಅಳೆಯುವ ಕಡ್ಡಿ ಎಳೆದೆ. ಸುಟ್ಟ ವಾಸನೆಯಿರಲಿಲ್ಲ. ಆದರೆ ಬೆರಳಿಗೆ ಬೆಲ್ಲದ ಪಾಕದಂತೆ ಎಳೆ ಬಂತು.

"ಇದರಾಗ ಎಣ್ಣಿ ಯಾರು ಹಾಕ್ಯಾರ್ರಿ?"

"ಹೋದ ತಿಂಗಳ ಕಡಿಮಿ ಆಗ್ಯಾದಂತ ಮೇಸ್ತ್ರಿ ತಗದು ಹೊಸಾದು ಹಾಕಿದ."

ಲಾರಿಯ ದಪ್ಪ ಎಣ್ಣೆ! ಈ ಕಾರಿನಲ್ಲಿ ಗೇರು ಬದಲಿಸುವುದೇ ಎಣ್ಣೆಯ ಒತ್ತಡವೆಂದು ಕೊಂಡ ಹೊಸತರಲ್ಲಿ ಇವರೇ ಹೇಳಿದ್ದರು. ಸಣ್ಣ ಸಣ್ಣ ತೂತುಗಳಲ್ಲಿ ಅದು ಸಲೀಸಾಗಿ ಹರಿಯಬೇಕು.

ಹೈದರಾಬಾದಿನಿಂದ ತೆಳು ಎಣ್ಣೆಯ ಡಬ್ಬಿಗಳು ರೈಲಿನಲ್ಲಿ ಬಂದವು. ಕಾರಿನ ಜೊತೆ ಬಂದಿದ್ದ ಪುಸ್ತಕ ಇಂಗ್ಲಿಷಿನದು. ನಾನು ಕಲಿತದ್ದು ಉರ್ದುವಿನಲ್ಲಿ. ಹೀಗಾಗಿ ಭಾನುವಾರ ಅವರು ಕಟ್ಟೆಯ ಮೇಲೆ ಕೂತು ಓದಿ ಅರ್ಥ ಹೇಳಿದರು. ಕಲ್ಲುಚಪ್ಪಡಿಗಳ ಮೇಲೆ ಹತ್ತಿಸಿದ ಕಾರಿನ ಕೆಳಗೆ ನಾನು ಗೋಣಿ ಹಾಸಿ ಮಲಗಿ, ತಳದ ಬಿರಡೆ ಬಿಚ್ಚಿ ಹಳೆಯದನ್ನು ಇಳಿಸಿದೆ. ಹೊಸದನ್ನು ತುಂಬಿ ಓಡಿಸಿದರೆ ಅದೇ ರೋಗ, ತುಸು ಕಡಿಮೆ.

ಅವರು ಕೈಚೆಲ್ಲಿದರು. ನನಗೆ ಮಾತ್ರ ಆ 'ತುಸು ಕಡಿಮೆ'ಯೇ ಧೈರ್ಯ ಕೊಟ್ಟಿತು. ಹಳೆ ಎಣ್ಣೆ ಇನ್ನೂ ಎಲ್ಲೋ ಕೂತಿದೆ.

"ಮತ್ತೊಮ್ಮೆ ಓದ್ರಿ. ಒಂದಕ್ಷರನೂ ಬಿಡಬ್ಯಾಡ್ರಿ."

ಓದುತ್ತ ಓದುತ್ತ ನಿಂತರು. "ಇಲ್ಲೊಂದು ಸಾಲು ಅದ. ಬ್ಯಾರೆ ಮಾತು ಅನಕೊಂಡು ನಾನೇ ಬಿಟ್ಟಿದ್ದೆ."

"ಕೋರ್ಟಿನಾಗೂ ಹಿಂಗ ಬಿಡ್ತೀರೇನ್ರಿ?"

ಅವರಿಗೆ ನಗು ತಡೆಯಲಾಗಲಿಲ್ಲ. ಎಂಜಿನ್ನಿನ ಹಿಂದಿನ ದೊಡ್ಡ ಚಕ್ರದಲ್ಲಿ ಇನ್ನೊಂದು ಬಿರಡೆಯಿದೆ, ಬಹಳಷ್ಟು ಎಣ್ಣೆ ಅಲ್ಲೇ ಉಳಿಯುತ್ತದೆ ಎಂದು ಆ ಸಾಲು ಹೇಳುತ್ತಿತ್ತು. ಕಬ್ಬಿಣದ ಸಲಾಕೆಯಿಂದ ಚಕ್ರವನ್ನು ಹಲ್ಲು ಹಲ್ಲಾಗಿ ತಿರುಗಿಸಿದೆ. ಚಕ್ರದ ಕವಚದ ತಳದಲ್ಲಿದ್ದ ಕಿಂಡಿಯ ಎದುರಿಗೆ ಬಿರಡೆ ಬಂತು. ಬಿಚ್ಚಿದಾಗ ಇಳಿದ ಕಪ್ಪು ಮಂದ ಎಣ್ಣೆಗೆ ಸೀಮೆಎಣ್ಣೆಯ ಡಬ್ಬ ಸಾಲಲಿಲ್ಲ. ತಳದ್ದನ್ನೂ ಮತ್ತೆ ಇಳಿಸಿ, ಉಳಿದ ಹೊಸ ಎಣ್ಣೆಯನ್ನೆಲ್ಲ ತುಂಬಿದೆ.

ಅವತ್ತೇ ಸಂಜೆ ಸುರಪುರದ ಏರಿಗೆ ಹೋದೆವು. ಎರಡನೇ ಗೇರು ದಾಟುವಾಗ ನಾನು ಸದ್ದಿಗೆ ಕಿವಿಗೊಟ್ಟೆ. ಸಣ್ಣದೊಂದು ಜಗ್ಗು, ಅಷ್ಟೇ. ಕಾರು ಸರಾಗವಾಗಿ ಹತ್ತಿತು.

ಮೇಲೆ ಹೋಗಿ ನಿಲ್ಲಿಸಿದ ಅವರು, ಕೋಲೂರಿಕೊಂಡು ನನ್ನ ಕಡೆಗೆ ಬಂದರು.

"ಆ ಕಡಿ ಸರಿ. ಮನಿಗೆ ನೀನೇ ನಡಸು."

"ನಾ ಎಂದೂ ನಡಸಿಲ್ರಿ."

"ಗೇರು ಅದೇ ಹಾಕ್ಕೊಂತದ. ಬ್ರೇಕ್ ಎಲ್ಲಿ ಅದ ಗೊತ್ತದಲ್ಲ?"

ಗೊತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಧಾನವಾಗಿ, ನಡುರಸ್ತೆ ಹಿಡಿದು ಶಹಾಪುರದ ತನಕ ನಡೆಸಿದೆ.